ಮೆಚ್ಚುಗೆ ಮತ್ತು ಮತ: ಚುನಾವಣಾ ಭಾಷಣಕ್ಕೆ ಕೇಳುಗನ ಪ್ರತಿಸ್ಪಂದನ
(ವಿಜಯಪುರ ಸೀಮೆಯ ಆಡುನುಡಿಯನ್ನು ಅನುಲಕ್ಷಿಸಿ)

1. ಪೀಠಿಕೆ

ಕನ್ನಡದಲ್ಲಿ ರಾಜಕೀಯ ಭಾಷಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಭಾಷಣಕಾರನನ್ನೇ ಕೇಂದ್ರವಾಗಿರಿಸಿಕೊಂಡಿವೆ. ಅವನ ಶೈಲಿ, ಅಲಂಕಾರ, ಗಾದೆಗಳ ಬಳಕೆ, ವ್ಯಂಗ್ಯ ಮೊದಲಾದವುಗಳ ವಿಶ್ಲೇಷಣೆ ನಡೆದಿದೆ. ಆದರೆ ಸಭೆ ಮುಗಿದ ಮೇಲೆ ಚಹಾದಂಗಡಿಯ ಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಆ ಭಾಷಣವನ್ನು ಮೆಚ್ಚಿ ಮಾತನಾಡುವ ಮತದಾರನ ನುಡಿ ಅಧ್ಯಯನದ ವಸ್ತುವಾಗಿಲ್ಲ. ಆತನನ್ನು ಒಂದೋ ಮರುಳಾಗುವ ಮುಗ್ಧನೆಂದು, ಇಲ್ಲವೇ ಪಕ್ಷವೊಂದರ ಅಭಿಮಾನಿಯೆಂದು ಭಾವಿಸಿ ಕೈಬಿಡುವುದು ರೂಢಿ. ಈ ಎರಡೂ ನಿಲುವುಗಳಲ್ಲಿ ಒಂದು ಪೂರ್ವಗ್ರಹವಿದೆ. ಭಾಷಣವನ್ನು ಮೆಚ್ಚಿದವನು ತನ್ನ ವಿವೇಕವನ್ನು ಒಪ್ಪಿಸಿಬಿಟ್ಟಿದ್ದಾನೆ ಎಂಬುದೇ ಆ ಪೂರ್ವಗ್ರಹ.

ಪ್ರಸ್ತುತ ಲೇಖನದಲ್ಲಿ ಈ ಗ್ರಹಿಕೆಯನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಮತದಾರನ ಮೆಚ್ಚುಗೆಯು ಒಂದು ಬಗೆಯ ವಿಮರ್ಶೆ. ಅದಕ್ಕೆ ತನ್ನದೇ ಆದ ಮಾನದಂಡಗಳೂ ನುಡಿಗಟ್ಟುಗಳೂ ಇವೆ. ಅದು ಮತದಾನದ ವಾಗ್ದಾನವಲ್ಲ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ. ಇದಕ್ಕಾಗಿ ವಿಜಯಪುರ ನಗರದ ಇಬ್ರಾಹಿಂಪುರ, ತಿಕೋಟಾ ಹಾಗೂ ಬಬಲೇಶ್ವರ ಪರಿಸರದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಆಡುನುಡಿಯನ್ನು ಆಧಾರವಾಗಿಟ್ಟುಕೊಂಡು, ಕಾಗವಾಡ (2019) ಮತ್ತು ಬಳ್ಳಾರಿ (1999) ಚುನಾವಣೆಗಳ ಎರಡು ಪ್ರಸಂಗಗಳನ್ನು ಮುಖ್ಯವಾಗಿ ಚರ್ಚಿಸಲಾಗಿದೆ. ಯಾವುದೇ ಪಕ್ಷದ ಅಥವಾ ನಾಯಕರ ಗುಣದೋಷ ವಿವೇಚನೆ ಇಲ್ಲಿಯ ಉದ್ದೇಶವಲ್ಲ.

2. ಕೇಳುಗ: ನೋಟಕನೋ, ನಿರ್ಣಾಯಕನೋ?

ಅರಿಸ್ಟಾಟಲನು ತನ್ನ 'ರೆಟರಿಕ್' ಗ್ರಂಥದಲ್ಲಿ ಭಾಷಣದ ಪ್ರಭೇದಗಳನ್ನು ನಿರ್ಧರಿಸುವವನು ಕೇಳುಗನೇ ಎಂದು ಹೇಳುತ್ತಾನೆ. ಅವನ ಪ್ರಕಾರ ಕೇಳುಗನು ಎರಡು ಬಗೆ. ಒಬ್ಬನು ನಿರ್ಣಾಯಕ: ನ್ಯಾಯಸ್ಥಾನದಲ್ಲಿ ಆಗಿಹೋದುದನ್ನು ಕುರಿತು, ಜನಸಭೆಯಲ್ಲಿ ಮುಂದೆ ಆಗಬೇಕಾದುದನ್ನು ಕುರಿತು ತೀರ್ಮಾನಿಸುವವನು. ಇನ್ನೊಬ್ಬನು ನೋಟಕ: ಭಾಷಣಕಾರನ ಸಾಮರ್ಥ್ಯವನ್ನು ಮಾತ್ರ ಗಮನಿಸಿ ಬೆಲೆಕಟ್ಟುವವನು. ಚುನಾವಣಾ ಸಭೆಯ ವೈಶಿಷ್ಟ್ಯವೆಂದರೆ ಅಲ್ಲಿ ಒಬ್ಬನೇ ವ್ಯಕ್ತಿ ಈ ಎರಡೂ ಪಾತ್ರಗಳನ್ನು ವಹಿಸುತ್ತಾನೆ. ಸಭೆಯಲ್ಲಿ ಆತ ನೋಟಕ, ಮತಗಟ್ಟೆಯಲ್ಲಿ ನಿರ್ಣಾಯಕ. ಮೆಚ್ಚುಗೆಯು ಮೊದಲನೆಯ ಪಾತ್ರಕ್ಕೆ ಸೇರಿದ್ದು. ಅದನ್ನೇ ಎರಡನೆಯದೆಂದು ತಿಳಿದಾಗ ನಮ್ಮ ವಿಶ್ಲೇಷಣೆಗಳು ಎಡವುತ್ತವೆ.

ಕನ್ನಡದ ಮಟ್ಟಿಗೆ ಈ ನೋಟಕ ಸಾಮಾನ್ಯನಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ನಾಡವರನ್ನು ವರ್ಣಿಸುವಾಗ, ಅವರು ಶಾಸ್ತ್ರೋಕ್ತವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದೂ, ಆಡಿದ ಮಾತನ್ನು ಅರಿತು ವಿವೇಚಿಸಬಲ್ಲವರೆಂದೂ ಗುರುತಿಸುತ್ತದೆ. ಈ ಮಾತನ್ನು ನಾವು ನಾಡಿನ ಹೊಗಳಿಕೆಯಾಗಿ ಮಾತ್ರ ಉಲ್ಲೇಖಿಸುತ್ತ ಬಂದಿದ್ದೇವೆ. ಆದರೆ ಅದರಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಅಕ್ಷರಜ್ಞಾನ ಬೇರೆ, ನುಡಿಯ ತೂಕವನ್ನು ಅರಿಯುವ ಶಕ್ತಿ ಬೇರೆ. ಎರಡನೆಯದು ಮೊದಲನೆಯದನ್ನು ಅವಲಂಬಿಸಿಲ್ಲ. ವಯಸ್ಕ ಮತಾಧಿಕಾರಕ್ಕೆ ಓದುಬರಹವನ್ನು ಅರ್ಹತೆಯಾಗಿ ವಿಧಿಸದ ನಮ್ಮ ಸಂವಿಧಾನದ ನಿಲುವೂ ಇದಕ್ಕೆ ಸಮೀಪವಾದುದೇ ಆಗಿದೆ.

3. ಕೇಳ್ಮೆಯ ಪರಂಪರೆ

ವಿಜಯಪುರ ಸೀಮೆಯ ಮತದಾರನು ಭಾಷಣವನ್ನು ಕೇಳಲು ಬರುವಾಗ ಬರಿಗಿವಿಯಿಂದ ಬರುವುದಿಲ್ಲ. ಅವನ ಕಿವಿ ಹಲವು ಪರಂಪರೆಗಳಲ್ಲಿ ಪಳಗಿದೆ. ಅವುಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಬಹುದು.

ಮೊದಲನೆಯದು ವಚನ ಪರಂಪರೆ. ಬಸವಣ್ಣನ ಹುಟ್ಟೂರಾದ ಬಸವನ ಬಾಗೇವಾಡಿ ಈ ಜಿಲ್ಲೆಯಲ್ಲಿಯೇ ಇದೆ. ವಚನ ಸಂಶೋಧನೆಗೆ ಜೀವನವನ್ನೇ ಮುಡಿಪಾಗಿಟ್ಟ ಫ.ಗು. ಹಳಕಟ್ಟಿಯವರು 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದ್ದೂ ಇಲ್ಲಿಂದಲೇ. ನುಡಿಯನ್ನು ನಡೆಯ ಒರೆಗಲ್ಲಿಗೆ ಹಚ್ಚಿ ನೋಡುವ ವಚನಕಾರರ ಕ್ರಮವು ಈ ಭಾಗದ ಜನರಿಗೆ ಪುಸ್ತಕದ ವಿಷಯವಲ್ಲ. ನಿತ್ಯದ ಮಾತಿನ ಭಾಗವಾಗಿದೆ.

ಎರಡನೆಯದು ಪ್ರವಚನ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳು ಹಲವು ದಶಕಗಳ ಕಾಲ ಈ ಭಾಗದ ಜನರ ಕೇಳುವ ಅಭ್ಯಾಸವನ್ನು ರೂಪಿಸಿವೆ. ಸಣ್ಣ ವಾಕ್ಯ, ತಗ್ಗಿದ ಧ್ವನಿ, ಹೊಲಮನೆಯ ದೃಷ್ಟಾಂತ, ನಡುನಡುವೆ ದೀರ್ಘ ಮೌನ, ಇವು ಆ ಪ್ರವಚನಗಳ ಲಕ್ಷಣಗಳು. ಇಂಥ ಮಾತಿಗೆ ಒಗ್ಗಿದ ಕಿವಿಗೆ ಕೂಗಾಟವೇ ವಾಗ್ಮಿತೆಯಾಗಿ ಕಾಣುವುದು ಕಷ್ಟ.

ಮೂರನೆಯದು ಹರದೇಸಿ-ನಾಗೇಸಿ ಹಾಡಿಕೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದವನ್ನು ಎರಡು ಮೇಳಗಳು ರಾತ್ರಿಯಿಡೀ ಹಾಡಿನಲ್ಲಿ ಮಂಡಿಸುವ ಈ ಪ್ರಕಾರದಲ್ಲಿ ಸಭಿಕರು ಸವಾಲು-ಜವಾಬುಗಳ ಸೊಗಸನ್ನು ಅಳೆಯುತ್ತ ಕೂಡುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಾಗೇಸಿ ಮೇಳದ ಜವಾಬಿಗೆ ತಲೆದೂಗಿದ ಸಭಿಕನು ಹೆಣ್ಣೇ ಹೆಚ್ಚೆಂಬ ತೀರ್ಮಾನಕ್ಕೆ ಬಂದಿದ್ದಾನೆಂದು ಯಾರೂ ತಿಳಿಯುವುದಿಲ್ಲ. ಮರುಗಳಿಗೆಯಲ್ಲಿ ಆತ ಹರದೇಸಿ ಮೇಳಕ್ಕೂ ತಲೆದೂಗಬಲ್ಲ. ವಾದದ ಸೊಗಸನ್ನು ಮೆಚ್ಚುವುದು ಬೇರೆ, ವಾದವನ್ನು ಒಪ್ಪುವುದು ಬೇರೆ ಎಂಬ ತಿಳಿವಳಿಕೆ ಈ ಕಲಾಪ್ರಕಾರದ ಅಡಿಪಾಯದಲ್ಲಿಯೇ ಇದೆ. ಚುನಾವಣಾ ಸಭೆಗಳಲ್ಲಿ ಒಂದೇ ದಿನ ಇಬ್ಬರು ಎದುರಾಳಿಗಳ ಭಾಷಣಕ್ಕೂ ಹೋಗಿ ಇಬ್ಬರನ್ನೂ ಮೆಚ್ಚಿ ಬರುವ ಹಿರಿಯರ ನಡವಳಿಕೆಯನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಿಕೊಳ್ಳಬೇಕಾಗುತ್ತದೆ.

4. ಮೆಚ್ಚುಗೆಯ ನುಡಿಗಟ್ಟು

ಈ ಸೀಮೆಯ ಆಡುನುಡಿಯಲ್ಲಿ ಭಾಷಣವನ್ನು ಕುರಿತ ಪದಗಳನ್ನು ಗಮನಿಸಿದರೆ ವಿಮರ್ಶೆಯ ಒಂದು ವ್ಯವಸ್ಥೆಯೇ ಗೋಚರಿಸುತ್ತದೆ.

ಅ) 'ಭಾಷಣ' ಮತ್ತು 'ಮಾತು': 'ಭಾಷಣಾ ಬಿಗದಾ', 'ಭಾಷಣಾ ಹೊಡದಾ' ಎಂಬ ಪ್ರಯೋಗಗಳಲ್ಲಿ ತಿರಸ್ಕಾರದ ಛಾಯೆಯಿದೆ. ಮೆಚ್ಚಿದಾಗ ಜನರು 'ಭಾಷಣ' ಪದವನ್ನೇ ಬಿಟ್ಟುಕೊಟ್ಟು 'ಛಲೋ ಮಾತಾಡಿದಾ', 'ತೂಕದ ಮಾತ ಹೇಳಿದಾ' ಎನ್ನುತ್ತಾರೆ. ಅಂದರೆ ಭಾಷಣವು ಮೆಚ್ಚುಗೆ ಪಡೆಯುವುದು ಅದು ಭಾಷಣವೆನಿಸದೆ ಮಾತಾದಾಗ ಮಾತ್ರ.

ಆ) 'ಮಾತು' ಪದದ ದ್ವಯಾರ್ಥ: ಕನ್ನಡದಲ್ಲಿ 'ಮಾತು' ಎಂದರೆ ನುಡಿ ಹೌದು, ವಚನಬದ್ಧತೆಯೂ ಹೌದು. 'ಮಾತು ಕೊಡು', 'ಮಾತು ಉಳಿಸಿಕೊ', 'ಮಾತಿಗೆ ತಪ್ಪು' ಎಂಬ ನುಡಿಗಟ್ಟುಗಳು ಇದನ್ನು ತೋರಿಸುತ್ತವೆ. ಆದ್ದರಿಂದ 'ಮಾತು ಛಲೋ ಐತಿ' ಎಂಬ ಮೆಚ್ಚುಗೆಯ ಬೆನ್ನಿಗೇ 'ಮಾತ ಉಳಿಸ್ಕೋಬೇಕು' ಎಂಬ ನಿಬಂಧನೆ ಸಹಜವಾಗಿ ಬರುತ್ತದೆ. 'ಹೇಳಿದ್ದು ಖರೆ ಐತಿ, ಮಾಡಿ ತೋರಿಸಿದ್ರ ಮೆಚ್ಚಬೇಕು' ಎಂಬ ಬಗೆಯ ವಾಕ್ಯರಚನೆಯಲ್ಲಿ ಮೊದಲರ್ಧವು ನೋಟಕನದು, ಎರಡನೆಯ ಅರ್ಧವು ನಿರ್ಣಾಯಕನದು. ಎರಡು ಪಾತ್ರಗಳೂ ಒಂದೇ ವಾಕ್ಯದಲ್ಲಿ ಕೂಡಿರುವುದನ್ನು ಇಲ್ಲಿ ಕಾಣಬಹುದು.

ಇ) ಹೊಗಳಿಕೆ-ತೆಗಳಿಕೆಗಳ ಗಡಿ: 'ಖಡಕ್', 'ಭಾರಿ', 'ಜಬರದಸ್ತ್' ಎಂಬ ಪದಗಳು ಧ್ವನಿ ಮತ್ತು ಧೈರ್ಯವನ್ನು ಮೆಚ್ಚುತ್ತವೆ. ಇವುಗಳಲ್ಲಿ ಕೆಲವು ದಖನಿ ಉರ್ದು ಹಾಗೂ ಮರಾಠಿಗಳೊಡನೆ ಹಂಚಿಕೊಂಡ ಪದಗಳು. ಇಬ್ರಾಹಿಂಪುರದಂಥ ನಗರ ಪ್ರದೇಶದಲ್ಲಿ ಕನ್ನಡ-ದಖನಿಗಳು ಒಂದೇ ಬೀದಿಯಲ್ಲಿ ಬೆರೆತಿರುವುದರಿಂದ ಮೆಚ್ಚುಗೆಯ ಪದಕೋಶವೂ ಬೆರೆತಿದೆ. ಇದಕ್ಕೆ ಪ್ರತಿಯಾಗಿ 'ಬಾಯಿಬಡಕ' ಎಂಬುದು ನೇರ ನಿಂದೆ. ಇವೆರಡರ ನಡುವೆ 'ಮಾತಿನ ಮಲ್ಲ' ಎಂಬ ಪದವಿದೆ. ಸಂದರ್ಭ ಮತ್ತು ಸ್ವರಭಾರದಿಂದ ಮಾತ್ರ ಅದು ಹೊಗಳಿಕೆಯೋ ಎಚ್ಚರಿಕೆಯೋ ಎಂಬುದು ತಿಳಿಯುತ್ತದೆ.

ಈ) ಏಕವಚನದ ಗೌರವ: ಮೆಚ್ಚಿದ ಭಾಷಣಕಾರನನ್ನು ಕುರಿತು 'ಏನ್ ಮಾತಾಡ್ತಾನ್ರೀ ಅಂವಾ' ಎನ್ನುವಾಗ, ಎದುರಿನ ಕೇಳುಗನಿಗೆ 'ರೀ' ಎಂಬ ಗೌರವ ಸಲ್ಲುತ್ತದೆ, ನಾಯಕನಿಗೆ ಮಾತ್ರ ಏಕವಚನ. ಇದು ಅಗೌರವವಲ್ಲ. ದೇವರನ್ನೂ ಶರಣರನ್ನೂ ಏಕವಚನದಲ್ಲಿ ಕರೆಯುವ ಪರಂಪರೆಯ ಆಪ್ತತೆ ಇಲ್ಲಿದೆ. 'ಸಾಹೇಬ್ರು ಛಲೋ ಮಾತಾಡ್ಯಾರ' ಎಂಬ ಬಹುವಚನದಲ್ಲಿ ಅನೇಕ ವೇಳೆ ದೂರವೂ ಉಪಚಾರವೂ ಇರುತ್ತವೆ. ಶಿಷ್ಟ ಕನ್ನಡದ ಗೌರವಸೂಚಕಗಳ ಮಾನದಿಂದ ಇದನ್ನು ಅಳೆದರೆ ಅರ್ಥ ತಲೆಕೆಳಗಾಗುತ್ತದೆ.

ಉ) ವಸ್ತುನಿಷ್ಠ ಪರೀಕ್ಷೆ: ಈ ಸೀಮೆಯ ಸಭೆಗಳಲ್ಲಿ ನೀರು ತಪ್ಪದೆ ಬರುವ ವಿಷಯ. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳ ಹೆಸರುಗಳು ರೈತರಿಗೆ ಕಂಠಪಾಠ. ಆಲಮಟ್ಟಿಯ ನೀರು ಸಂಗ್ರಹಣಾ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಅವಕಾಶ ನೀಡಿದ ತೀರ್ಪಿನ ಅಂಕಿಗಳನ್ನು ಶಾಲೆಯ ಮೆಟ್ಟಿಲು ಹತ್ತದವರೂ ಹೇಳಬಲ್ಲರು. ಆದುದರಿಂದ ಅಂಕಿ ತಪ್ಪಿದ ಭಾಷಣಕಾರನು ಇಲ್ಲಿ ಎಷ್ಟು ಸೊಗಸಾಗಿ ಮಾತನಾಡಿದರೂ 'ತಿಳಿದು ಮಾತಾಡ್ಲಿಲ್ಲ' ಎಂಬ ಷರಾ ಪಡೆಯುತ್ತಾನೆ. ದ್ರಾಕ್ಷಿಯ ಬಳ್ಳಿಗೆ ಟ್ಯಾಂಕರಿನಿಂದ ನೀರುಣಿಸಿದವನಿಗೆ ನೀರಿನ ಮಾತು ಅಲಂಕಾರವಾಗಲಾರದು.

5. 'ಹೌದು ಹುಲಿಯಾ': ಕಾಗವಾಡ, 2019

ಕೇಳುಗನ ಮೆಚ್ಚುಗೆಯೊಂದು ಭಾಷಣಕ್ಕಿಂತಲೂ ಪ್ರಸಿದ್ಧವಾದ ಪ್ರಸಂಗವು ವಿಜಯಪುರ ಜಿಲ್ಲೆಗೆ ಸಮೀಪದ ಕಾಗವಾಡದಲ್ಲಿ ನಡೆಯಿತು. 2019ರ ಡಿಸೆಂಬರ್ 5ರಂದು ರಾಜ್ಯದ 15 ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅವುಗಳಲ್ಲಿ ಕಾಗವಾಡವೂ ಒಂದು. ಕಾಂಗ್ರೆಸ್ ಅಭ್ಯರ್ಥಿ ರಾಜು ಕಾಗೆಯವರ ಪರವಾಗಿ ಸಿದ್ದರಾಮಯ್ಯನವರು ಪ್ರಚಾರ ಭಾಷಣ ಮಾಡುತ್ತಿದ್ದಾಗ, ಇಂದಿರಾ ಗಾಂಧಿಯವರ ಪ್ರಸ್ತಾಪ ಬಂದ ಸಂದರ್ಭದಲ್ಲಿ, ಸಭಿಕರೊಬ್ಬರು 'ಹೌದು ಹುಲಿಯಾ' ಎಂದು ಉದ್ಗರಿಸಿದರು. ಆ ದೃಶ್ಯದ ತುಣುಕು ಕೆಲವೇ ದಿನಗಳಲ್ಲಿ ನಾಡಿನಾದ್ಯಂತ ಹರಡಿತು. ಹಾಸ್ಯದ ತುಣುಕುಗಳಿಗೂ ಹಾಡುಗಳಿಗೂ ವಸ್ತುವಾಯಿತು.

ಈ ಉದ್ಗಾರವನ್ನು ಭಾಷಿಕವಾಗಿ ಪರಿಶೀಲಿಸಿದರೆ ಮೂರು ಅಂಶಗಳು ಎದ್ದು ಕಾಣುತ್ತವೆ. ಒಂದು, 'ಹೌದು' ಎಂಬುದು ಹೇಳಿಕೆಯ ಸತ್ಯವನ್ನು ಅನುಮೋದಿಸುತ್ತದೆ. 'ಹುಲಿಯಾ' ಎಂಬ ಸಂಬೋಧನೆಯು ಹೇಳಿದವನ ಸ್ಥೈರ್ಯವನ್ನು ಕೊಂಡಾಡುತ್ತದೆ. ಮಾತು ಮತ್ತು ಮಾತುಗಾರ ಎರಡಕ್ಕೂ ಎರಡೇ ಪದಗಳಲ್ಲಿ ಬೆಲೆ ಕಟ್ಟಲಾಗಿದೆ. ಎರಡು, ಇದು ಆ ಕ್ಷಣದಲ್ಲಿ ಹುಟ್ಟಿದ ಪ್ರಯೋಗವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುರಿದುಂಬಿಸುವ ಉದ್ಗಾರವಾಗಿ ಮೊದಲೇ ಬಳಕೆಯಲ್ಲಿದ್ದುದು. ಹಾಡುಗಾರನ ಸೊಲ್ಲಿಗೆ ಹಿಮ್ಮೇಳವು 'ಹೌದು' ಎಂದು ದನಿಗೂಡಿಸುವ ಜಾನಪದ ಕ್ರಮವನ್ನು ಆ ಸಭಿಕರು ರಾಜಕೀಯ ಸಭೆಗೆ ತಂದರು. ಮೂರು, ಇದು ಚಪ್ಪಾಳೆಗಿಂತ ಭಿನ್ನ. ಮ್ಯಾಕ್ಸ್ ಅಟ್ಕಿನ್‌ಸನ್ ತಮ್ಮ 1984ರ ಅಧ್ಯಯನದಲ್ಲಿ ತೋರಿಸಿರುವಂತೆ, ರಾಜಕೀಯ ಸಭೆಯ ಚಪ್ಪಾಳೆಯು ಬಹುಮಟ್ಟಿಗೆ ಭಾಷಣಕಾರನೇ ರಚನೆಯ ಮೂಲಕ ಬರಿಸುವಂಥದು. ಮೂರು ಅಂಶಗಳ ಪಟ್ಟಿ, ವೈದೃಶ್ಯದ ಜೋಡಣೆ ಮೊದಲಾದವು ಅದರ ಸಾಧನಗಳು. ಚಪ್ಪಾಳೆಗೆ ಗುಂಪು ಬೇಕು. 'ಹೌದು ಹುಲಿಯಾ' ಎಂಬುದು ಒಬ್ಬನೇ ಕೇಳುಗನು ತನ್ನ ಆಯ್ಕೆಯ ಜಾಗದಲ್ಲಿ ತನ್ನದೇ ನುಡಿಯಲ್ಲಿ ಸೇರಿಸಿದ ಮಾತು.

ಆದರೆ ಈ ಪ್ರಸಂಗವನ್ನು ನಾಡು ಸ್ವೀಕರಿಸಿದ ಬಗೆ ಯೋಚಿಸತಕ್ಕದ್ದು. ಪ್ರತಿಸ್ಪಂದನದ ಹಿಂದಿನ ಪರಂಪರೆಯತ್ತ ಯಾರ ಗಮನವೂ ಹೋಗಲಿಲ್ಲ. ಅದು ನಗೆಯ ಸರಕಾಯಿತು. ನುಡಿ ಉಳಿಯಿತು, ನುಡಿದವನ ಕೇಳ್ಮೆ ಕಳೆದುಹೋಯಿತು. ಶಿಷ್ಟ ಸಾಹಿತ್ಯಗೋಷ್ಠಿಯಲ್ಲಿ ರಸಿಕನೊಬ್ಬ 'ಭೇಷ್' ಎಂದರೆ ಅದನ್ನು ಸಹೃದಯತೆ ಎನ್ನುವ ನಾವು, ಹಳ್ಳಿಯ ಸಭೆಯಲ್ಲಿ ಬಂದ ಅದೇ ಬಗೆಯ ಸ್ಪಂದನವನ್ನು ವಿನೋದವೆಂದು ಎಣಿಸಿದೆವು. ಈ ತಾರತಮ್ಯಕ್ಕೆ ಭಾಷೆಯ ಕಾರಣವಿಲ್ಲ, ಸಾಮಾಜಿಕ ಕಾರಣವಿದೆ.

ಡಿಸೆಂಬರ್ 9ರಂದು ಫಲಿತಾಂಶ ಬಂದಾಗ ಬಿಜೆಪಿಯ ಶ್ರೀಮಂತ ಪಾಟೀಲರು 18,557 ಮತಗಳ ಅಂತರದಿಂದ ಗೆದ್ದಿದ್ದರು. 2023ರ ಚುನಾವಣೆಯಲ್ಲಿ ಅದೇ ಕ್ಷೇತ್ರವು ರಾಜು ಕಾಗೆಯವರನ್ನು ಆರಿಸಿತು. ಭಾಷಣಕ್ಕೆ ದೊರೆತ ಪ್ರಸಿದ್ಧ ಮೆಚ್ಚುಗೆಯು ಮತದ ಗತಿಯನ್ನು ನಿರ್ಧರಿಸಲಿಲ್ಲ. ಮೇಲಾಗಿ ಮೆಚ್ಚುಗೆ ಸಂದದ್ದು ಪ್ರಚಾರಕನಿಗೆ, ಮತ ಬೀಳಬೇಕಾದದ್ದು ಅಭ್ಯರ್ಥಿಗೆ. ಈ ಭೇದವೂ ಗಮನಾರ್ಹ.

6. ಕಲಿತ ಕನ್ನಡದ ಮೋಡಿ: ಬಳ್ಳಾರಿ, 1999

1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯಿಂದ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಸ್ಪರ್ಧಿಸಿದರು. ಇಬ್ಬರೂ ಕನ್ನಡೇತರರು. ಸುಷ್ಮಾ ಸ್ವರಾಜ್ ಅವರು ಪ್ರಚಾರದ ಅಲ್ಪಾವಧಿಯಲ್ಲಿಯೇ ಕನ್ನಡವನ್ನು ಕಲಿತು ಸಭೆಗಳಲ್ಲಿ ಕನ್ನಡದಲ್ಲಿ ಮಾತನಾಡಿದರು. ಇದಕ್ಕೆ ವ್ಯಾಪಕವಾದ ಮೆಚ್ಚುಗೆ ದೊರೆಯಿತು.  ಫಲಿತಾಂಶದಲ್ಲಿ ಸೋನಿಯಾ ಗಾಂಧಿಯವರಿಗೆ 4,14,650 ಮತಗಳೂ ಸುಷ್ಮಾ ಸ್ವರಾಜ್ ಅವರಿಗೆ 3,58,550 ಮತಗಳೂ ಬಂದವು. ಅಂತರ 56,100.

ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಕನ್ನಡ ಭಾಷಣವು ಫಲ ನೀಡಲಿಲ್ಲ ಎಂಬುದು ಒಂದು ಓದು. ಬಹುಕಾಲ ಕಾಂಗ್ರೆಸ್ಸಿನ ಭದ್ರನೆಲೆಯಾಗಿದ್ದ ಕ್ಷೇತ್ರದಲ್ಲಿ, ಕೊನೆಗಳಿಗೆಯಲ್ಲಿ ಬಂದ ಅಭ್ಯರ್ಥಿಯೊಬ್ಬರು ಮೂರೂವರೆ ಲಕ್ಷಕ್ಕೂ ಮಿಕ್ಕಿ ಮತ ಪಡೆದರು ಎಂಬುದು ಇನ್ನೊಂದು ಓದು. ಭಾಷಣದ ಪಾಲು ಅದರಲ್ಲಿ ಎಷ್ಟೆಂದು ಬೇರ್ಪಡಿಸಿ ಹೇಳಲಾಗದು. ಆದರೆ ಒಂದು ಸಂಗತಿ ನಿಶ್ಚಿತ. ಆ ಮೆಚ್ಚುಗೆ ಚುನಾವಣೆಯೊಂದಿಗೆ ಮುಗಿಯಲಿಲ್ಲ. ಸೋತ ಬಳಿಕವೂ ಸುಷ್ಮಾ ಅವರು ಹಲವು ವರ್ಷಗಳ ಕಾಲ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು; ಜನರೂ ಸೇರುತ್ತಿದ್ದರು. ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ತೆರವು ಮಾಡಿದರು. ಮತವು ಒಂದು ದಿನದ ನಿರ್ಣಯವಾದರೆ ಮೆಚ್ಚುಗೆಗೆ ಬೇರೊಂದು ಕಾಲಮಾನವಿದೆ ಎಂಬುದನ್ನು ಈ ಪ್ರಸಂಗ ಸೂಚಿಸುತ್ತದೆ.

ಮೆಚ್ಚುಗೆಯೂ ಮತವೂ ಕೂಡಿ ನಡೆದ ನಿದರ್ಶನಗಳಿಲ್ಲವೆಂದಲ್ಲ. ಶಾಂತವೇರಿ ಗೋಪಾಲಗೌಡರು ತಮ್ಮ ವಾಗ್ಮಿತೆಗೆ ಹೆಸರಾದವರು. 1952ರಲ್ಲಿ ಮೊದಲ ಬಾರಿಗೆ ಶಾಸನಸಭೆಯನ್ನು ಪ್ರವೇಶಿಸಿದರು. ಆದರೆ ಅದಕ್ಕೆ ಮುನ್ನ 1951ರ ಕಾಗೋಡು ಸತ್ಯಾಗ್ರಹದಲ್ಲಿ ಅವರು ಗೇಣಿದಾರರ ಜೊತೆಗೆ ನಿಂತಿದ್ದರು. ಅಲ್ಲಿ ಕೇಳುಗನ ಎದುರಿಗೆ ನಡೆ ಮೊದಲು ಬಂದಿತ್ತು, ನುಡಿ ಆಮೇಲೆ ಬಂತು. ವಿಜಯಪುರದ ರೈತನು 'ಮಾಡಿ ತೋರಿಸಿದ್ರ ಮೆಚ್ಚಬೇಕು' ಎಂದು ಹೇಳುವುದರ ತಾತ್ಪರ್ಯವೂ ಇದೇ ಆಗಿದೆ.

7. ನಲವತ್ತೆಂಟು ಗಂಟೆಗಳ ಮೌನ

ಮೆಚ್ಚುಗೆ ಮತ್ತು ಮತಗಳ ನಡುವಿನ ಅಂತರವು ಕೇವಲ ಮನೋಧರ್ಮದ ವಿಷಯವಲ್ಲ. ನಮ್ಮ ಕಾನೂನೇ ಅದನ್ನು ನಿರ್ಮಿಸಿದೆ. 1951ರ ಜನಪ್ರತಿನಿಧಿ ಕಾಯಿದೆಯ 126ನೆಯ ಕಲಮಿನ ಪ್ರಕಾರ ಮತದಾನ ಮುಕ್ತಾಯಗೊಳ್ಳುವ ಸಮಯಕ್ಕೆ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಸಭೆ ನಡೆಸುವಂತಿಲ್ಲ. ಭಾಷಣಕಾರನು ಬಾಯಿ ಮುಚ್ಚಿದ ಈ ಅವಧಿಯಲ್ಲಿ ಬಾಯಿ ತೆರೆಯುವವನು ಕೇಳುಗ. ಚಹಾದಂಗಡಿಯಲ್ಲಿ ಭಾಷಣವು ಪುನಃ ನುಡಿಯಲ್ಪಡುತ್ತದೆ: ಅನುಕರಿಸಲ್ಪಡುತ್ತದೆ, ಸಂಕ್ಷೇಪಗೊಳ್ಳುತ್ತದೆ, ಪ್ರಶ್ನೆಗೊಳಗಾಗುತ್ತದೆ. ಒಂದು ಗಂಟೆಯ ಭಾಷಣದಲ್ಲಿ ಎರಡು ವಾಕ್ಯ ಮಾತ್ರ ಉಳಿಯುತ್ತವೆ. ಯಾವ ಎರಡು ಎಂಬುದನ್ನು ನಿರ್ಧರಿಸುವವನು ನಾಯಕನಲ್ಲ, ಕೇಳುಗ. ಮೌಖಿಕ ಪರಂಪರೆಯ ಪಠ್ಯಗಳಿಗೆ ಆಗುವುದೆಲ್ಲವೂ ಭಾಷಣಕ್ಕೂ ಆಗುತ್ತದೆ.

ಅದೇ ಕಾಯಿದೆಯು ಮತದ ಗೋಪ್ಯತೆಯನ್ನೂ ರಕ್ಷಿಸುತ್ತದೆ. ತಾನು ಯಾರಿಗೆ ಮತ ನೀಡಿದೆನೆಂದು ಹೇಳುವಂತೆ ಮತದಾರನನ್ನು ನ್ಯಾಯಾಲಯದಲ್ಲಿಯೂ ಒತ್ತಾಯಿಸಲಾಗದು. ಹೀಗಾಗಿ ಮೆಚ್ಚುಗೆಯು ಬಹಿರಂಗದ ನುಡಿ, ಮತವು ಅಂತರಂಗದ ನಡೆ. ಊರಿನ ಪ್ರಭಾವಿಯ ಎದುರು, ಸಾಲ ಕೊಟ್ಟವನ ಎದುರು, ಕೂಲಿ ಕೊಡುವವನ ಎದುರು ಭಾಷಣವನ್ನು ಮೆಚ್ಚಿ ಮಾತನಾಡುವ ಬಡ ಮತದಾರನಿಗೆ ಈ ಅಂತರವು ಒಂದು ರಕ್ಷಣೆ. ಅವನ ಹೊಗಳಿಕೆಯನ್ನು ಕೇಳಿ ಅವನ ಮತವನ್ನು ಎಣಿಸುವವರು ಇದನ್ನು ಮರೆಯುತ್ತಾರೆ. ಎಲ್ಲ ಮೆಚ್ಚುಗೆಯೂ ರಸಾನುಭವವಲ್ಲ, ಕೆಲವು ಮೆಚ್ಚುಗೆಗಳು ಬದುಕುವ ಉಪಾಯ ಎಂಬ ಎಚ್ಚರವೂ ಸಂಶೋಧಕನಿಗೆ ಇರಬೇಕಾಗುತ್ತದೆ. ಇದು ಮೇಲಿನ ಪ್ರತಿಪಾದನೆಗೆ ಒಂದು ಮಿತಿಯನ್ನೂ ಹಾಕುತ್ತದೆ. ಮೆಚ್ಚುಗೆಯ ನುಡಿಯನ್ನು ವಿಮರ್ಶೆಯೆಂದು ಸ್ವೀಕರಿಸುವ ಮೊದಲು ಅದನ್ನು ಯಾರು, ಯಾರೆದುರಿಗೆ ಆಡಿದರು ಎಂಬುದನ್ನು ಕೇಳಲೇಬೇಕು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಭಾಷಣವನ್ನು ಮೆಚ್ಚುವ ಮತದಾರನು ವಚನ, ಪ್ರವಚನ, ಹಾಡಿಕೆಗಳಲ್ಲಿ ಪಳಗಿದ ಕಿವಿಯುಳ್ಳವನು. ಅವನ ನುಡಿಗಟ್ಟಿನಲ್ಲಿ ಹೊಗಳಿಕೆಯೊಂದಿಗೆ ನಿಬಂಧನೆಯೂ ಹೆಣೆದುಕೊಂಡಿದೆ. ಕಾಗವಾಡ ಮತ್ತು ಬಳ್ಳಾರಿಯ ನಿದರ್ಶನಗಳು ಮೆಚ್ಚುಗೆ ಬೇರೆ, ಮತ ಬೇರೆ ಎಂಬುದನ್ನು ತೋರಿಸುತ್ತವೆ. ಇದನ್ನು ಮತದಾರನ ಚಂಚಲತೆ ಎನ್ನುವುದಕ್ಕಿಂತ ಅವನ ಸ್ವಾತಂತ್ರ್ಯ ಎನ್ನುವುದು ಸೂಕ್ತ.

ಕನ್ನಡ ಅಧ್ಯಾಪಕರಿಗೆ ಇಲ್ಲಿ ಒಂದು ಕರ್ತವ್ಯವೂ ಇದೆ. ಪದವಿ ತರಗತಿಗಳಲ್ಲಿ ಭಾಷಣಕಲೆಯನ್ನು ಬೋಧಿಸುವಾಗ ಮಾತನಾಡುವುದನ್ನು ಕಲಿಸುತ್ತೇವೆ, ಕೇಳುವುದನ್ನು ಕಲಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಬಹುತೇಕರು ವೇದಿಕೆಯ ಮೇಲೆ ನಿಲ್ಲುವವರಲ್ಲ, ವೇದಿಕೆಯ ಕೆಳಗೆ ಕೂಡುವವರು. ಹದಿನೆಂಟು ತುಂಬಿದೊಡನೆ ಮತದಾರರಾಗುವವರು. ಚುನಾವಣೆಯ ಕಾಲದಲ್ಲಿ ತಮ್ಮ ಊರಿನ ಹಿರಿಯರು ಭಾಷಣವನ್ನು ಕುರಿತು ಆಡುವ ಮಾತುಗಳನ್ನು ಅವರು ಬರೆದುಕೊಂಡು ತಂದರೆ, ಆಡಿದವರ ಹೆಸರು ಮತ್ತು ಪಕ್ಷಗಳನ್ನು ಬಿಟ್ಟು ಪದಗಳನ್ನು ಮಾತ್ರ ಚರ್ಚಿಸಿದರೆ, ಅದು ಉಪಭಾಷೆಯ ಪಾಠವೂ ಆಗುತ್ತದೆ, ಪೌರತ್ವದ ಪಾಠವೂ ಆಗುತ್ತದೆ. ಇಬ್ರಾಹಿಂಪುರದ ಚಹಾದಂಗಡಿಯಲ್ಲಿ ಅಥವಾ ಬಬಲೇಶ್ವರದ ಗುಡಿಯ ಕಟ್ಟೆಯಲ್ಲಿ 'ಮಾತು ಛಲೋ ಐತಿ, ನೋಡೂಣು' ಎನ್ನುವ ಹಿರಿಯರ ನುಡಿಯಲ್ಲಿ ಮೊದಲ ಎರಡು ಪದಗಳಲ್ಲಿ ರಸಿಕತೆಯಿದ್ದರೆ, ಕೊನೆಯ ಪದದಲ್ಲಿ ಪ್ರಜಾಪ್ರಭುತ್ವವಿದೆ. ಆ ಕೊನೆಯ ಪದವನ್ನೂ ಕೇಳಿಸಿಕೊಳ್ಳುವ ವ್ಯವಧಾನ ನಮ್ಮ ಸಂಶೋಧನೆಗೆ ಬರಬೇಕಾಗಿದೆ.